ಹೊಳೆಗಿಳಿಯುವ ವಾಚು

ಅಚ್ಚುಬೆಲ್ಲ ಮೂಸಿ ನೋಡುವ ಹಾಗೆ ವಾಚನ್ನು ಮೂಸಿ ನೋಡಿದ ಗಿರಾಕಿ ನನ್ನ ಮೂವತ್ತೆರಡು ವರ್ಷದ ಕಸುಬಿನಲ್ಲಿ ಕೊಟ್ಟೂರಪ್ಪನವರು ಒಬ್ಬರೇ. ದಾವಣಗೆರೆಯ ಮಂಡಿಪೇಟೆಯಲ್ಲಿ ಅವರದು ಬೆಲ್ಲದ ಸಗಟು ಅಂಗಡಿ. ಅದೇ ಬೀದಿಯ ತುದಿಯಲ್ಲಿ, ಎರಡು ಕಿರಾಣಿ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿರುವ ಆರಡಿ ಅಗಲದ ವಾಚ್ ರಿಪೇರಿ ಅಂಗಡಿ ನನ್ನದು. ಹೆಸರು ಕುತುಬುದ್ದೀನ್, ಬೀದಿಯವರಿಗೆಲ್ಲ ಸಾಬ್ರು. ಬಾಯಿ ಜೋರು ಅಂತ ಹೆಸರು ಕೆಡಿಸಿಕೊಂಡಿದ್ದೇನೆ, ಅಲ್ಲಗಳೆಯುವುದಿಲ್ಲ. ಸೆಲ್ಲು ಹಾಕಿದ ವಾಚು ತಂದವರನ್ನು ನಾನು ಅರ್ಧ ಮನಸ್ಸಿನಿಂದಲೇ ಮಾತಾಡಿಸುವುದು.

ಅದು ತೊಂಬತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದ ವಾರ. ಕೊಟ್ಟೂರಪ್ಪನವರು ಬಂದು ಸ್ಟೂಲಿನ ಮೇಲೆ ಕೂತರು. "ಸಾಬ್ರೆ, ನೀರಾಗೆ ಮುಳುಗಿದ್ರೂ ನಡಿಯೋ ವಾಚ್ ಬೇಕಾಗಿತ್ರಿ. ಸ್ವಿಸ್ ಮಾಲೇ ಆಗ್ಬೇಕು," ಅಂದರು.

ಎರಡು ತಿಂಗಳ ಹಿಂದಷ್ಟೇ ಅವರ ಒಬ್ಬನೇ ಮಗ ಬಕ್ಕೇಶ್ ಹರಿಹರದ ಹೊಳೆಯಲ್ಲಿ ತೀರಿಕೊಂಡಿದ್ದ. ಇಪ್ಪತ್ತು ವರ್ಷದ ಹುಡುಗ. ಕೈಕಾಲು ತೊಳೆಯಲು ಮೆಟ್ಟಿಲಿಳಿದವನು ಪಾಚಿಗೆ ಜಾರಿದ ಅಂತ ಎಲ್ಲರೂ ಅಂದರು. ಮೆಟ್ಟಿಲ ಮೇಲೆ ಅವನ ಚಪ್ಪಲಿ ಇತ್ತು. ಅಂಬಿಗರ ಮಾಲತೇಶಪ್ಪ ಎಂಬ ಮುದುಕ ಮೂರು ದಿನ ಮುಳುಗಿ ಮುಳುಗಿ ಹುಡುಕಿ ದೇಹವನ್ನು ಎತ್ತಿ ತಂದ. ಕೊಂಡಜ್ಜಿ ಊರಿನ ಅವರ ಹೊಲದಲ್ಲೇ ಮಣ್ಣು ಮಾಡಿದರು. ನಾನೂ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದಿದ್ದೆ.

"ಯಾರಿಗ್ರಿ ವಾಚು?" ಅಂದೆ.

"ಮಾಲತೇಶಪ್ಪಗೆ." ಅವರು ಟವಲ್ಲಿನಿಂದ ಮುಖ ಒರೆಸಿಕೊಂಡರು. "ಹುಡುಗನ್ನ ಮ್ಯಾಲೆ ತಂದಾಗ ಅವನ ಕೊಳ್ಳಾಗೆ ಲಿಂಗ ಇರ್ಲಿಲ್ಲ ಸಾಬ್ರೆ. ಶಿವದಾರ ಕಿತ್ತು ಹೊಳ್ಯಾಗೆ ಹೋಗೈತೆ. ಅಯ್ಯನೋರು ಬ್ಯಾರೆ ಲಿಂಗ ಕೈಯಾಗಿಟ್ಟು ಕ್ರಿಯೆ ಮಾಡಿದ್ರು. ಆದ್ರೆ ಹುಟ್ಟಿದಾಗ ಕಟ್ಟಿದ ಲಿಂಗ ಅದು. ಅದು ಅಲ್ಲಿ, ಅವನು ಇಲ್ಲಿ. ನಮ್ಮ ಮನ್ಯಾಕಿ ಅವತ್ತಿಂದ ಕಣ್ಣು ಮುಚ್ಚಿಲ್ಲ. ಅದೊಂದು ಸಿಕ್ರೆ ಒಯ್ದು ಅವನ ಹತ್ರ ಇಟ್ಟು ಬರ್ತೀನಿ. ಆಕಿನೂ ಮಲಗ್ತಾಳೆ, ನಾನೂ ಮಲಗ್ತೀನಿ."

ಬೆಳ್ಳಿಯ ಕರಡಿಗೆಯೊಳಗೆ ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಜನ ಅವರು. ಸಾಯುವವರೆಗೂ, ಸತ್ತ ಮೇಲೂ ಅದು ಮೈಯಿಂದ ಅಗಲಬಾರದು. ಇದು ನನಗೂ ಗೊತ್ತು. ಹೊಳೆಯ ನೀರು ಈಗ ಇಳಿದಿದೆ, ಇನ್ನೊಮ್ಮೆ ಮುಳುಗಿ ಹುಡುಕುತ್ತೇನೆ ಅಂತ ಮಾಲತೇಶಪ್ಪ ಒಪ್ಪಿದ್ದಾನಂತೆ. ದುಡ್ಡು ಮಾತ್ರ ಮುಟ್ಟುವುದಿಲ್ಲವಂತೆ. ಹೊಳೆಯಲ್ಲಿ ಹೋದವರ ಮೇಲೆ ಸಂಪಾದನೆ ಮಾಡಬಾರದು ಅನ್ನುವುದು ಆ ಅಂಬಿಗರ ಮನೆಯ ಕಟ್ಟು. ಹುಡುಗನನ್ನು ತೆಗೆದುಕೊಟ್ಟಾಗಲೂ ಒಂದು ತೆಂಗಿನಕಾಯಿ, ಒಂದು ಟವಲ್ಲು ಅಷ್ಟೇ ತೆಗೆದುಕೊಂಡಿದ್ದ.

"ಅದಕ್ಕೆ ವಾಚು," ಅಂದರು ಕೊಟ್ಟೂರಪ್ಪ. "ವಾಚ್ ಅಂದ್ರೆ ಕೂಲಿ ಅಲ್ಲ, ಸಲಕರಣೆ. ನೀರಾಗೆ ಎಷ್ಟೊತ್ತು ಇದ್ದೆ ಅಂತ ಅವನಿಗೂ ತಿಳೀತೈತೆ. ಬ್ಯಾಡ ಅನ್ನಂಗಿಲ್ಲ."

ಅಂಥ ದುಃಖದಲ್ಲೂ ದಾರಿ ಹುಡುಕಿದ್ದರು. ವ್ಯಾಪಾರಿಯ ಬುದ್ಧಿಯನ್ನು ನಾನು ಎಷ್ಟೋ ಸಲ ಬೈದಿದ್ದೇನೆ, ಅವತ್ತು ಮಾತ್ರ ಬೈಯಲು ಮನಸ್ಸಾಗಲಿಲ್ಲ.

ನನ್ನ ಪರಿಚಯದ ಮೌಲಾ ಸಾಬ್ ತಿಂಗಳಿಗೊಮ್ಮೆ ಮುಂಬೈಗೆ ಹೋಗಿ ವಾಚು ತರುವವನು. ಅವನಿಗೆ ಹೇಳಿ ಮೂರು ವಾಚು ತರಿಸಿದೆ. ಕೊಟ್ಟೂರಪ್ಪನವರ ಕೈ ನೇರವಾಗಿ ಹೋಗಿದ್ದು ಬಂಗಾರದ ನೀರು ಕುಡಿಸಿದ್ದರ ಕಡೆಗೆ. ದೊಡ್ಡ ಹೆಸರಿನ ಕಂಪನಿ, ಬಿಲ್ಲೆಯಷ್ಟು ತೆಳ್ಳಗೆ. ಮೂಸಿ ನೋಡಿದ್ದು ಇದನ್ನೇ.

"ಅದನ್ನ ಮದುವೆ ಮನ್ಯಾಗೆ ಕೈ ಬೀಸ್ಕೊಂಡು ಅಡ್ಡಾಡೋರು ಹಾಕ್ಕೊಂತಾರ್ರಿ," ಅಂದೆ. "ಒಂದು ಚೊಂಬು ನೀರು ಬಿದ್ರೆ ಮುಗೀತು. ನೀವು ಕೊಡೋ ದುಡ್ಡಾಗೆ ಮುಕ್ಕಾಲು ಪಾಲು ಆ ಹೆಸರಿಗೇ ಹೋಗ್ತೈತೆ. ಹೆಸರೇನು ಈಜ್ತೈತೇನ್ರಿ?"

ಎರಡನೆಯದು ನೋಡಲು ಗಟ್ಟಿ, ಆದರೆ ಸೆಲ್ಲಿನದು. "ಸೆಲ್ಲು ಯಾವಾಗ ಸಾಯ್ತೈತೆ ಅಂತ ಹೇಳಿ ಸಾಯಂಗಿಲ್ಲ," ಎಂದುಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ನಾಲಿಗೆ ಕಚ್ಚಿಕೊಂಡೆ. ಈ ನನ್ನ ಬಾಯಿಗೆ ಒಂದು ಬೀಗ ಹಾಕಬೇಕಿತ್ತು.

ಮೂರನೆಯದೇ ಸರಿಯಾದ ವಾಚು. ಸ್ವಿಸ್, ಆಟೋಮ್ಯಾಟಿಕ್, ಫಳಫಳ ಹೊಳೆಯದ ಸ್ಟೀಲು. ಕಂಪನಿಯ ಹೆಸರನ್ನು ದಾವಣಗೆರೆಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಬೆನ್ನು ಬಿಚ್ಚಿ, ಅವರ ಕಣ್ಣಿಗೆ ನನ್ನ ಮಸೂರ ಹಿಡಿದು ಒಳಗೆ ತೋರಿಸಿದೆ. ಇಪ್ಪತ್ತೈದು ಜ್ಯುವೆಲ್, ಅಂದರೆ ಅಷ್ಟು ಕೆಂಪು ಹರಳು ಕೂರಿಸಿದ ಮಿಷನ್, ಮೇಲೆ ಅರ್ಧಚಂದ್ರದಂಥ ತೂಕ ಅತ್ತಿತ್ತ ತೂಗುತ್ತಿತ್ತು. "ಕೈ ಆಡಿದಂಗೆಲ್ಲ ಇದು ತಾನೇ ಕೀ ಕೊಟ್ಕೊಂತೈತೆ. ಮೂರು ಪಟ್ಟು ಬೆಲೆ ವಾಚಿನೊಳಗೂ ಇದೇ ಮಿಷನ್ ಐತೆ, ಹಾಕಿದ ಅಂಗಿ ಬ್ಯಾರೆ ಅಷ್ಟೇ." ಕೀಯನ್ನು ಸ್ಕ್ರೂ ಥರ ತಿರುಗಿಸಿ ಬಿಗಿ ಮಾಡಬಹುದು. ಬೆನ್ನಿನ ಮುಚ್ಚಳದೊಳಗೆ ರಬ್ಬರ್ ಉಂಗುರ. ಮರಳು ಉಜ್ಜಿದರೂ ಗೀರು ಬೀಳದ ಗಾಜು. ಕತ್ತಲಲ್ಲಿ ಮುಳ್ಳೂ ಚುಕ್ಕೆಗಳೂ ಹಸಿರಾಗಿ ಬೆಳಗುತ್ತವೆ. ಇನ್ನೂರು ಮೀಟರ್ ಆಳಕ್ಕೆ ತಡೆಯುತ್ತದೆಂದು ಬರೆದಿತ್ತು; ನಮ್ಮ ಹೊಳೆಗೆ ಅಷ್ಟು ಆಳ ಎಲ್ಲಿಂದ ತರುವುದು.

ಆಮೇಲೆ ಮುಖದ ಸುತ್ತ ಇರುವ ತಿರುಗುವ ಬಳೆ ತೋರಿಸಿದೆ. ಅದರ ಮೇಲೊಂದು ತ್ರಿಕೋಣ, ಮುಂದೆ ನಿಮಿಷಕ್ಕೊಂದು ಗೀಟು. ಮುಳುಗುವಾಗ ತ್ರಿಕೋಣವನ್ನು ಉದ್ದ ಮುಳ್ಳಿನ ಎದುರಿಗೆ ತಂದಿಟ್ಟರೆ, ಎಷ್ಟು ನಿಮಿಷ ಆಯಿತೆಂದು ಗೀಟು ಹೇಳುತ್ತದೆ. ಆ ಬಳೆ ಒಂದೇ ಕಡೆಗೆ ತಿರುಗುತ್ತದೆ. ಬಂಡೆಗೆ ತಾಗಿ ಅಕಸ್ಮಾತ್ ಸರಿದರೂ ಆದದ್ದಕ್ಕಿಂತ ಹೆಚ್ಚು ಹೊತ್ತನ್ನೇ ತೋರಿಸುತ್ತದೆ. ಮುಳುಗಿದವನು ಬೇಗ ಮೇಲೆ ಬರುತ್ತಾನೆ. ತಪ್ಪಿದರೂ ಬದುಕುವ ಕಡೆಗೇ ತಪ್ಪಬೇಕು ಅಂತ ಯಾರೋ ಪುಣ್ಯಾತ್ಮ ಕೂತು ಯೋಚಿಸಿ ಮಾಡಿದ್ದು.

"ಅಂದ್ರೆ ಇದನ್ನ ಹಾಕ್ಕೊಂಡೋನಿಗೆ ಏನೂ ಆಗಂಗಿಲ್ಲ?" ಅಂದರು.

"ಏನೂ ಆಗಂಗಿಲ್ಲ," ಅಂದೆ. ಜಂಬದಿಂದಲೇ ಅಂದೆ.

ನಂಬಿಕೆಗೆ ಅದನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿ ಕೌಂಟರಿನ ಮೇಲಿಟ್ಟೆ. ಒಂದು ತಾಸು ಬಿಟ್ಟು ಬರ್ರಿ ಅಂದರೆ ಅವರು ಎದ್ದು ಹೋಗಲಿಲ್ಲ. ಲೋಟದ ತಳದಲ್ಲಿ ಬಿದ್ದಿದ್ದ ವಾಚನ್ನೇ ನೋಡುತ್ತ ಕೂತರು. ನಾನು ಬೇರೆ ಕೆಲಸ ಮಾಡುವ ಹಾಗೆ ತಲೆ ತಗ್ಗಿಸಿಕೊಂಡಿದ್ದೆ, ಒಂದು ಸ್ಕ್ರೂ ಕೂಡ ಬಿಚ್ಚಲಾಗಲಿಲ್ಲ. ಕೊನೆಗೆ ಅವರು ಏಳು ಸಾವಿರದಿಂದ ಚೌಕಾಸಿ ಶುರು ಮಾಡಿ, ನಡುವೆಯೇ ನಿಲ್ಲಿಸಿ, "ಬ್ಯಾಡ ಬಿಡ್ರಿ, ಇದ್ರಾಗೆ ಚೌಕಾಸಿ ಮಾಡಬಾರ್ದು," ಅಂದರು. ಭಾನುವಾರ ಹೊಳೆಗೆ ಹೋಗುವುದು, ಬಳೆ ತಿರುಗಿಸುವುದನ್ನು ಮುದುಕನಿಗೆ ಹೇಳಿಕೊಡಲು ನಾನೂ ಬರುವುದು ಎಂದಾಯಿತು.

ಶುಕ್ರವಾರ ಬೆಳಗ್ಗೆ ಅವರ ಹೆಂಡತಿ ಅಕ್ಕನಾಗಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಅಲಾರಂ ಗಡಿಯಾರ. ಎಂ.ಸಿ.ಸಿ. ಬಡಾವಣೆಯ ಮನೆಯಿಂದ ಆಟೋದಲ್ಲಿ ಒಬ್ಬರೇ ಬಂದಿದ್ದರು. ಗಡಿಯಾರ ಚೆನ್ನಾಗಿಯೇ ನಡೆಯುತ್ತಿತ್ತು.

"ಇದಕ್ಕೇನಾಗೈತ್ರಿ ಅಮ್ಮಾರೆ?"

"ಏನೂ ಆಗಿಲ್ಲ ಸಾಬ್ರೆ. ಬರಾಕೆ ಒಂದು ನೆಪ ಬೇಕಾಗಿತ್ತು." ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಆ ವಾಚ್ ಕೊಡಬ್ಯಾಡ್ರಿ. ಸರಿ ಇಲ್ಲ ಅಂತ ಹೇಳಿಬಿಡ್ರಿ. ಹೊಳ್ಯಾಗೆ ಹುಡುಕೋದು ಬ್ಯಾಡ. ಅದು ಅಲ್ಲಿಲ್ಲ."

ನನಗೆ ಅರ್ಥವಾಗಲಿಲ್ಲ.

"ಲಿಂಗ ಮನ್ಯಾಗೈತೆ ಸಾಬ್ರೆ. ಅವತ್ತು ಸಂಜೀಮುಂದೆ ಪೂಜೆ ಜಗುಲಿ ಒರೆಸ್ತಿದ್ದೆ. ವಿಭೂತಿ ತಟ್ಟೆ ಹಿಂದೆ ಇತ್ತು. ದಾರ ನೀಟಾಗಿ ಸುತ್ತಿ ಇಟ್ಟಿದ್ದ. ಹುಡುಗ ಎಲ್ಲಿ ಅಂತ ಇವರು ಇನ್ನಾ ಊರೆಲ್ಲ ಹುಡುಕ್ತಿದ್ರು, ನನಗೆ ಆವಾಗ್ಲೇ ಗೊತ್ತಾತು. ಜಾರಿ ಬೀಳೋ ಹುಡುಗ ಲಿಂಗ ಬಿಚ್ಚಿಟ್ಟು ಹೋಗ್ತಾನೇನ್ರಿ?"

ಕೈಯಲ್ಲಿದ್ದ ಚಿಮಟ ಕೆಳಗಿಟ್ಟು, "ಈಗ ಎಲ್ಲಿಟ್ಟೀರ್ರಿ ಅದನ್ನ?" ಅಂದೆ.

"ಅಕ್ಕಿ ಡಬ್ಬಿ ತಳಕ್ಕೆ ಹಾಕಿಟ್ಟೀನಿ. ಹಿಂದಿನ ರಾತ್ರಿ ಉಣ್ಣಾಕೆ ಕುಂತಾಗ ಇವರು ಅವನಿಗೆ ಒಂದು ಮಾತಂದ್ರು. ಎಲ್ಲಾ ಅಪ್ಪಂದಿರು ಅನ್ನೋ ಮಾತೇ. ಅಂದು ಇವರು ಮರೆತೂ ಬಿಟ್ಟಾರೆ. ಅವನು ಬೇಕಂತ ಹೋದ ಅಂತ ತಿಳಿದ್ರೆ ಆ ಮಾತು ನೆನಪಾಗ್ತೈತೆ. ಆಮ್ಯಾಲೆ ಇವರು ನನಗೆ ಉಳಿಯಂಗಿಲ್ಲ ಸಾಬ್ರೆ. ನಮ್ಮೋರ ಹತ್ರ ಹೇಳಿದ್ರೆ ಸಂಜೀಗೆ ಊರಿಗೆಲ್ಲ ಗೊತ್ತಾಗ್ತೈತೆ. ಅದಕ್ಕೆ ನಿಮ್ಮ ಹತ್ರ ಬಂದೆ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ತಾಯಿ ಎರಡು ತಿಂಗಳಿಂದ ಅದೇ ಡಬ್ಬಿಯ ಅಕ್ಕಿಯಲ್ಲಿ ಅನ್ನ ಮಾಡಿ ಗಂಡನಿಗೆ ಬಡಿಸುತ್ತಿದ್ದಾಳೆ ಎಂದು ನೆನೆದು ಅವತ್ತು ನನಗೆ ಊಟ ಸೇರಲಿಲ್ಲ.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಶನಿವಾರ ಕೊಟ್ಟೂರಪ್ಪನವರು ವಾಚು ಒಯ್ಯಲು ಬಂದಾಗ, "ಮುದುಕನಿಗೆ ವಯಸ್ಸಾಗೈತೆ, ಬ್ಯಾಡ ಬಿಡ್ರಿ," ಅಂದೆ. "ಅದಕ್ಕೇ ಅಲ್ಲೇನ್ರಿ ಇಷ್ಟು ಒಳ್ಳೇ ವಾಚ್ ಕೊಡ್ತಿರೋದು," ಅಂದರು. ವಾಚು ಸರಿಯಿಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟು ಒಳ್ಳೆಯ ವಾಚನ್ನು, ನಾನೇ ಆರಿಸಿದ ವಾಚನ್ನು ಕೆಟ್ಟದ್ದು ಅನ್ನಲು ನನ್ನ ಸೊಕ್ಕು ಬಿಡಲಿಲ್ಲ. ಮುದುಕ ನಾಲ್ಕು ಸಲ ಮುಳುಗುತ್ತಾನೆ, ಏನೂ ಸಿಗುವುದಿಲ್ಲ, ಅಲ್ಲಿಗೆ ಮುಗಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಅವರ ಸ್ಕೂಟರಿನ ಹಿಂದೆ ಕೂತು ಹರಿಹರಕ್ಕೆ ಹೋದೆ. ಸೇತುವೆಯ ಆಚೆ ಮೆಟ್ಟಿಲ ಬಳಿ ಮಾಲತೇಶಪ್ಪ ಕಾಯುತ್ತಿದ್ದ. ಅರವತ್ತು ದಾಟಿದ ಒಣಕಲು ಮೈ, ಎದೆಯ ಗೂಡು ಮಾತ್ರ ದೊಡ್ಡದು. ಹೆಂಡತಿ ಗಿರಿಯಮ್ಮ ಮತ್ತು ತಮ್ಮನ ಮಗ ಮಾರುತಿ ತೆಪ್ಪದಲ್ಲಿದ್ದರು.

ವಾಚು ಕಂಡು ಮುದುಕ ಹಿಂದಕ್ಕೆ ಸರಿದ. "ಇಂಥದ್ದೆಲ್ಲ ನಮಗ್ಯಾಕ್ರಿ ಸಾವ್ಕಾರ್ರೆ."

"ಇದು ಕೂಲಿ ಅಲ್ಲ ಮಾಲತೇಶಪ್ಪ. ನಿನ್ನ ತೆಪ್ಪದ ಹುಟ್ಟು ಹೆಂಗೋ ಹಂಗೆ ಇದೂ ಒಂದು ಸಾಮಾನು."

ಹುಟ್ಟು ಅಂದ ಮೇಲೆ ಅವನು ಕೈ ಚಾಚಿದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಗಡಿಯಾರ ನೋಡಲೂ ಬರುತ್ತಿರಲಿಲ್ಲ. ಎಷ್ಟು ಹೊತ್ತು ಉಸಿರು ಹಿಡಿಯುತ್ತೀ ಎಂದು ಕೇಳಿದ್ದಕ್ಕೆ, ವಯಸ್ಸಿನಲ್ಲಿದ್ದಾಗ ಎರಡು ನಿಮಿಷ ಅಂತ ಜನ ಎಣಿಸುತ್ತಿದ್ದರು ಎಂದ. ನಾನು ಬಳೆ ತಿರುಗಿಸಿ ತೋರಿಸಿದೆ. "ನೋಡಪ್ಪ, ಮುಳುಗೋ ಮುಂಚೆ ಈ ತ್ರಿಕೋಣ ಉದ್ದ ಮುಳ್ಳಿನ ಎದುರಿಗೆ. ಮುಳ್ಳು ಇಲ್ಲಿ, ಎರಡನೇ ಗೀಟಿಗೆ ಬಂತೋ, ಮ್ಯಾಲೆ ಬಾ. ತಿಳೀತಾ?"

"ತಿಳೀತ್ರಿ. ಎರಡನೇ ಗೀಟಿಗೆ ಬರಬೇಕು." ಶಾಲೆಯ ಹುಡುಗನ ಹಾಗೆ ಒಪ್ಪಿಸಿದ.

ಮೊದಲ ಸಲ ಮುಳುಗಿ ಎದ್ದಾಗ ತೆಪ್ಪದ ಅಂಚು ಹಿಡಿದು ತುಂಬಾ ಹೊತ್ತು ಏದುಸಿರು ಬಿಟ್ಟ. ಎರಡನೆಯ ಸಲ ಕಣ್ಣು ಕೆಂಪಾಗಿತ್ತು. "ಯಾಕ ಇಷ್ಟೊತ್ತು ಇರ್ತೀಯ?" ಎಂದು ಗಿರಿಯಮ್ಮ ಗದರಿದಳು. ಕೊಟ್ಟೂರಪ್ಪನವರು ಮೆಟ್ಟಿಲ ಮೇಲೆ ಕೈ ಮುಗಿದುಕೊಂಡು ನಿಂತಿದ್ದರು. ಅಲ್ಲಿಲ್ಲ, ಅಲ್ಲೇನೂ ಇಲ್ಲ ಎಂದು ಕೂಗಿಬಿಡಲು ಒಂದು ಮೆಟ್ಟಿಲು ಇಳಿದೆ. ಕೊಟ್ಟ ಮಾತು ನೆನಪಾಗಿ ಅಲ್ಲೇ ನಿಂತೆ.

ಮೂರನೆಯ ಸಲ ಮುಳುಗಿದವನು ಏಳಲಿಲ್ಲ. ಗಿರಿಯಮ್ಮ ಚೀರಿದಳು. ಮಾರುತಿ ಧುಮುಕಿ, ಕೂದಲು ಹಿಡಿದು ಮೇಲೆಳೆದು ತಂದ. ಮೆಟ್ಟಿಲ ಮೇಲೆ ಮಲಗಿಸಿ ಬೆನ್ನು ತಟ್ಟಿದರು. ಮೂಗಿನಿಂದ, ಎಡಗಿವಿಯಿಂದ ರಕ್ತ ಬರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನೀರು ಕಾರಿ ಕಣ್ಣು ಬಿಟ್ಟ. ಮೊದಲು ನೋಡಿದ್ದು ವಾಚನ್ನು.

"ಗೀಟಿಗೆ ಬಂದಿರ್ಲಿಲ್ರಿ," ಅಂದ. ಮಾತು ತೊದಲುತ್ತಿತ್ತು. "ಮುಳ್ಳು ಇನ್ನಾ ಬಂದಿರ್ಲಿಲ್ಲ. ನಡುವ ಹೆಂಗೆ ಬರಾದು? ಮೊದ್ಲಾದ್ರೆ ಎದಿ ಹೇಳಿದಾಗ ಬರ್ತಿದ್ದೆ. ಈಗ ನೀವು ಹೊತ್ತು ಕಟ್ಟಿ ಕೊಟ್ಟೀರಲ್ಲ. ಅಷ್ಟೊತ್ತು ಹುಡುಕ್ಲಿಲ್ಲ ಅಂದ್ರೆ ಮೋಸ ಆಗಲ್ಲೇನ್ರಿ?"

ಅಷ್ಟರೊಳಗೆ ಬಾ ಎಂದು ನಾನು ಹೇಳಿದ್ದನ್ನು, ಅಷ್ಟು ಹೊತ್ತು ಇರಲೇಬೇಕು ಎಂದು ಅವನು ತಿಳಿದಿದ್ದ. ಜೀವಮಾನವೆಲ್ಲ ಎದೆಯ ಮಾತು ಕೇಳಿ ಮೇಲೆ ಬಂದವನು, ನಾನು ಆರಿಸಿಕೊಟ್ಟ ವಾಚಿಗೆ ನಿಯತ್ತಾಗಿ ತಳದಲ್ಲಿ ನಿಂತಿದ್ದ. ವಾಚು ಮಾಡಿದವನು ಎಲ್ಲ ಯೋಚಿಸಿದ್ದ, ಇಂಥ ಮನುಷ್ಯನನ್ನು ಯೋಚಿಸಿರಲಿಲ್ಲ. ನಾನಾದರೂ ಯೋಚಿಸಬೇಕಿತ್ತು.

ಗಿರಿಯಮ್ಮ ಗಂಡನ ಕೈಯಿಂದ ವಾಚು ಬಿಚ್ಚಿ ಕೊಟ್ಟೂರಪ್ಪನವರ ಕಾಲ ಬಳಿ ಇಟ್ಟಳು. "ನಿಮ್ಮ ಮಗನ್ನ ತೆಗೆದುಕೊಟ್ಟೋನ್ರಿ ಇವನು. ಇವನ್ನ ಯಾರು ತೆಗೆದುಕೊಡ್ತಿದ್ರು?" ಅಂದಳು. ಕೊಟ್ಟೂರಪ್ಪ ಅವಳ ಎದುರಿಗೆ ಹಾಗೇ ಕುಸಿದು ಕೂತರು.

ಮುದುಕನನ್ನು ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಜೀವ ಉಳಿಯಿತು. ಎಡಗಿವಿ ಹೋಯಿತು. ಇನ್ನು ಮುಳುಗಬಾರದು ಎಂದು ಡಾಕ್ಟರು ಹೇಳಿದ ದಿನ ಮಾಲತೇಶಪ್ಪ ಗೋಡೆಯ ಕಡೆ ತಿರುಗಿ ಮಲಗಿದ.

ಮುದುಕನನ್ನು ಮನೆಗೆ ಕಳಿಸಿದ ಮರುದಿನ ಕೊಟ್ಟೂರಪ್ಪನವರು ಅಂಗಡಿಗೆ ಬಂದರು. ಅಷ್ಟು ದಿನದಲ್ಲೇ ಹತ್ತು ವರ್ಷ ಮುದುಕರಾಗಿದ್ದರು. ಜೇಬಿನಿಂದ ಒಂದು ಬೆಳ್ಳಿ ಕರಡಿಗೆ ತೆಗೆದು ತೋರಿಸಿದರು. ಹಿಂದಿನ ದಿನ ಪೇಟೆಯಲ್ಲಿ ಕೊಂಡಿದ್ದು. ಮಸಿ ಹಚ್ಚಿ ಉಜ್ಜಿ ಹಳೆಯದರ ಹಾಗೆ ಮಾಡಿದ್ದರು, ಅಂಚು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು.

"ಸಿಕ್ತು ಅಂತ ಹೇಳಿಬಿಡ್ತೀನಿ ಸಾಬ್ರೆ. ಹುಡುಕೋದು ಸಾಕು. ಆಕಿ ಒಬ್ಬಾಕಿ ಸಮಾಧಾನ ಆದ್ರೆ ಸಾಕು. ನೀವೂ ಬರ್ರಿ. ನೀವು ಸುಳ್ಳು ಹೇಳಲ್ಲ ಅಂತ ಆಕಿಗೆ ನಂಬಿಕಿ ಐತೆ."

ಅವರ ಮುಖ ನೋಡಿ ಬರುವುದಿಲ್ಲ ಅನ್ನಲಾಗಲಿಲ್ಲ. ಹೆಂಡತಿ ಗಂಡನಿಗಾಗಿ ಅಡಗಿಸಿಟ್ಟ ಸತ್ಯ, ಗಂಡ ಹೆಂಡತಿಗಾಗಿ ಕೊಂಡು ತಂದ ಸುಳ್ಳು, ಎರಡೂ ನನ್ನೊಬ್ಬನಿಗೆ ಗೊತ್ತು. ಸ್ಕೂಟರಿನ ಹಿಂದೆ ಕೂತು ಅವರ ಮನೆಗೆ ಹೋದೆ.

ಅಕ್ಕನಾಗಮ್ಮ ಬಾಗಿಲಲ್ಲೇ ನಿಂತಿದ್ದರು. ಕೊಟ್ಟೂರಪ್ಪ ಕರಡಿಗೆ ಮುಂದೆ ಹಿಡಿದು, "ಸಿಕ್ತು ನೋಡು. ಮಾಲತೇಶಪ್ಪ ಕಡೀ ಸಲ ಮುಳುಗಿದಾಗ ಮುಷ್ಟಿಯಾಗೆ ಹಿಡ್ಕಂಡಿದ್ದ. ಸಾಬ್ರು ನೋಡ್ಯಾರೆ," ಅಂದರು.

ಆಕೆ ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ. ಆಮೇಲೆ ಆಕೆ ಎರಡೂ ಕೈಯೊಡ್ಡಿ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಹೊಳೆ ನೀರಾಗೆ ಇದ್ದದ್ದು. ತೊಳೆದು ವಿಭೂತಿ ಹಚ್ಚಿ ತರ್ತೀನಿ. ಕೂಡ್ರಿ," ಎಂದು ಒಳಗೆ ಹೋದರು.

"ನಂಬಿದ್ಲು," ಎಂದು ಕೊಟ್ಟೂರಪ್ಪ ಪಿಸುಗುಟ್ಟಿದರು. ಎಷ್ಟೋ ದಿನದ ಮೇಲೆ ಅವರ ಭುಜ ಸ್ವಲ್ಪ ಸಡಿಲವಾಯಿತು.

ಬರುವುದು ತಡವಾಯಿತು. ಒಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಆಕೆ ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲಿಟ್ಟು ತಂದರು. ಗಂಡ ಕೊಂಡು ತಂದ ಕರಡಿಗೆ ಅದಾಗಿರಲಿಲ್ಲ. ಕಪ್ಪು ಹಿಡಿದ ಬೆಳ್ಳಿ, ಮೈಗೆ ತಾಗಿ ತಾ​ಗಿ ಸವೆದ ಮುಚ್ಚಳ, ಬೆವರಿಗೆ ಬಣ್ಣಗೆಟ್ಟ ಶಿವದಾರ. ಎಲ್ಲ ಸುಳ್ಳನ್ನೂ ತಡೆದುಕೊಂಡ ಆಕೆಗೆ ಮಗನ ಹತ್ತಿರ ಬೇರೆ ಯಾವುದನ್ನೋ ಕಳಿಸಲು ಮನಸ್ಸು ಬಂದಿರಲಿಲ್ಲ.

ಕೊಟ್ಟೂರಪ್ಪ ಅದನ್ನು ಎತ್ತಿಕೊಂಡರು. ಇಪ್ಪತ್ತು ವರ್ಷ ಮಗನ ಕೊರಳಲ್ಲಿ ಕಂಡದ್ದು. ಅವರ ಹೆಬ್ಬೆರಳು ದಾರದ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸರಿಯಿತು. ದಾರ ಎಲ್ಲೂ ಹರಿದಿರಲಿಲ್ಲ.

"ಅಕ್ಕನಾಗೂ," ಅಂದರು. "ಅವತ್ತು ಉಣ್ಣಾಕೆ ಕುಂತಾಗ ನಾನು ಅವನಿಗೆ..."

"ಏನೂ ಅಂದಿಲ್ಲ ನೀವು." ಆಕೆ ಅವರ ಮಾತು ಮುಗಿಯಲು ಬಿಡಲಿಲ್ಲ. "ಕಾಲು ಜಾರಿ ಬಿದ್ದ. ಲಿಂಗ ಹೊಳ್ಯಾಗೆ ಇತ್ತು. ನೀವೇ ತಂದ್ರಲ್ರಿ."

ಕೊಟ್ಟೂರಪ್ಪ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ, ಬರೀ ಮೊರೆ ಇತ್ತು. "ಹೌದೇನ್ರಿ ಸಾಬ್ರೆ?"

"ಹೌದ್ರಿ," ಅಂದೆ. "ನನ್ನ ಕಣ್ಣೆದುರಿಗೇ ಸಿಕ್ತು."

ಅವರು ಕರಡಿಗೆಯನ್ನು ಎದೆಗೊತ್ತಿಕೊಂಡು ನೆಲಕ್ಕೆ ಕೂತು ಅತ್ತರು. ಮಗನನ್ನು ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಆಕೆ ಪಕ್ಕದಲ್ಲಿ ಕೂತು, ಹೌದ್ರಿ, ಜಾರಿ ಬಿದ್ದ, ಜಾರಿ ಬಿದ್ದ ಎಂದು ಮತ್ತೆ ಮತ್ತೆ ಹೇಳುತ್ತ ಅವರ ಬೆನ್ನು ಸವರುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.